ಯಾರ ತಲೆಯ ಪಿನ್ನು?

ನನ್ನ ತಲೆಯ ಮೇಲೆ ಏನೂ ಇಲ್ಲ. ಕೂದಲು ಕೂಡ ಮೊದಲಿನಷ್ಟಿಲ್ಲ. ಆದರೂ ಐವತ್ತೇಳು ವರ್ಷದ ಬದುಕಿನಲ್ಲಿ ಈ ಏನೂ ಇಲ್ಲದಿರುವುದಕ್ಕೆ ನಾನು ಕೊಟ್ಟಿರುವಷ್ಟು ವಿವರಣೆಯನ್ನು ನನ್ನ ಮದುವೆಗಾಗಲಿ, ನೌಕರಿಗಾಗಲಿ, ಸಕ್ಕರೆ ಕಾಯಿಲೆಗಾಗಲಿ ಕೊಟ್ಟಿಲ್ಲ. ನಮ್ಮವರ ಮದುವೆಗೆ ಹೋದರೆ ಯಾರೋ ಒಬ್ಬ ಹಿರಿಯಾಕೆ ಬಿರಿಯಾನಿಯ ತಟ್ಟೆ ಕೈಗೆ ಕೊಡುತ್ತ, "ಯಾಕಮ್ಮಾ, ಹಾಕಿಕೊಳ್ಳುವುದಿಲ್ಲವಾ?" ಎನ್ನುತ್ತಾರೆ. ಉಳಿದವರ ಗೃಹಪ್ರವೇಶಕ್ಕೆ ಹೋದರೆ ಅಷ್ಟೇ ಪ್ರೀತಿಯಿಂದ ಇನ್ನೊಬ್ಬರು ಕೇಸರಿಬಾತು ಬಡಿಸುತ್ತ, "ನೀವು ಹಾಕಿಕೊಳ್ಳುವುದಿಲ್ಲವಾ? ವೆರಿ ಗುಡ್" ಎನ್ನುತ್ತಾರೆ. ಮೊದಲನೆಯವರಿಗೆ ನಾನು ನಪಾಸು, ಎರಡನೆಯವರಿಗೆ ಫಸ್ಟ್ ಕ್ಲಾಸು. ಪರೀಕ್ಷೆಗೆ ಕೂತವಳು ನಾನಲ್ಲ ಎಂದು ಹೇಳಲು ಬಾಯಲ್ಲಿ ತುತ್ತು ಇರುತ್ತದೆ.

ನನ್ನ ಅಕ್ಕನ ಮಗಳು ರುಖ್ಸಾರಳ ತಲೆಯ ಮೇಲೆ ಏನೋ ಇದೆ. ಅವಳಿಗೂ ಇದೇ ಪರೀಕ್ಷೆ; ಅಂಕ ಕೊಡುವವರು ಮಾತ್ರ ಅದಲುಬದಲು. ಈ ಲೇಖನ ಅವಳ ತಲೆಯ ಮೇಲಿರುವುದರ ಬಗ್ಗೆ. ಅಂದರೆ, ಹಾಗೆಂದುಕೊಂಡೇ ಬರೆಯಲು ಕುಳಿತೆ.

ನಾನು ಕೆಲಸ ಮಾಡುವುದು ಪಟಾನ್‌ಚೆರುವಿನ ಒಂದು ಮಾತ್ರೆ ಕಾರ್ಖಾನೆಯಲ್ಲಿ, ಗುಣಮಟ್ಟದ ವಿಭಾಗದಲ್ಲಿ. ಹೈದರಾಬಾದಿನಲ್ಲಿ ತಲೆ ಮುಚ್ಚಿಕೊಳ್ಳುವ ವಿಷಯದಲ್ಲಿ ಅತ್ಯಂತ ಕಟ್ಟುನಿಟ್ಟಾದ ಜಾಗ ಯಾವುದು ಎಂದು ಯಾರಾದರೂ ಕೇಳಿದರೆ ಹಳೇ ನಗರದ ಗಲ್ಲಿಗಳ ಕಡೆ ಕೈ ತೋರಿಸಬೇಡಿ, ನಮ್ಮ ಉಡುಪು ಬದಲಾಯಿಸುವ ಕೋಣೆಗೆ ಕಳುಹಿಸಿ. ಅಲ್ಲಿ ಆಳೆತ್ತರದ ಕನ್ನಡಿ. ಅದರ ಪಕ್ಕದಲ್ಲಿ ಒಂದು ಚಿತ್ರಪಟ. ಹಣೆಯ ಮೇಲೆ ಒಂದೆಳೆ ಕೂದಲೂ ಕಾಣಬಾರದು. ಕಿವಿ ಕಾಣಬಾರದು. ಬಾಯಿ, ಮೂಗು ಕಾಣಬಾರದು. ಗಡ್ಡವಿದ್ದವರು ಗಡ್ಡಕ್ಕೂ ಒಂದು ಚೀಲ ಕಟ್ಟಿಕೊಳ್ಳಬೇಕು. ತಿರುಪತಿಗೆ ಮುಡಿ ಕೊಟ್ಟು ನುಣ್ಣಗೆ ಬೋಳಿಸಿಕೊಂಡು ಬಂದವರೂ ಟೊಪ್ಪಿಗೆ ಹಾಕಲೇಬೇಕು. ಅಡಗಿಸಲು ಕೂದಲೇ ಇಲ್ಲವಲ್ಲ ಎಂಬ ವಾದ ನಡೆಯುವುದಿಲ್ಲ. ರೆಡ್ಡಿ, ಶರ್ಮಾ, ಡೇವಿಡ್, ಇಕ್ಬಾಲ್ ಎಲ್ಲರೂ ಎರಡು ಕಣ್ಣುಗಳಾಗಿ ಒಳಗೆ ಹೋಗುತ್ತಾರೆ. ನಮ್ಮ ಕಡೆ ಒಂದು ವರ್ಷ ಟೀವಿಯವರೆಲ್ಲ ಹೆಣ್ಣುಮಕ್ಕಳ ತಲೆಯನ್ನೇ ಹಗಲಿರುಳು ಚರ್ಚಿಸುತ್ತಿದ್ದರಲ್ಲ, ಆಗ ಕ್ಯಾಂಟೀನಿನಲ್ಲಿ ಸಾರನ್ನ ಕಲಸುತ್ತ ನಾವೂ ನೋಡುತ್ತಿದ್ದೆವು. ತಲೆ ಮುಚ್ಚುವುದು ಹಿಂದುಳಿದಿರುವಿಕೆಯೋ ಅಲ್ಲವೋ ಎಂದು ಎರಡು ಗುಂಪಾಗಿ ವಾದ ಮಾಡುತ್ತಿದ್ದೆವು. ಗಂಟೆ ಹೊಡೆದ ಕೂಡಲೇ ಕೈ ತೊಳೆದು, ಎರಡೂ ಗುಂಪಿನವರು ತಲೆ ಮುಚ್ಚಿಕೊಂಡು ಒಳಗೆ ಹೋಗುತ್ತಿದ್ದೆವು.

ನಮ್ಮ ವೃತ್ತಿಯ ಇನ್ನೊಂದು ಕಟ್ಟಳೆಯನ್ನೂ ಹೇಳಿಬಿಡಬೇಕು, ಏಕೆಂದರೆ ಮುಂದೆ ಅದು ನನಗೆ ಬೇಕಾಗುತ್ತದೆ. ದಾಖಲೆಯಲ್ಲಿ ತಪ್ಪು ಬರೆದರೆ ಅಳಿಸುವಂತಿಲ್ಲ, ಬಿಳಿ ಬಣ್ಣ ಬಳಿಯುವಂತಿಲ್ಲ. ತಪ್ಪಿನ ಮೇಲೆ ಒಂದೇ ಒಂದು ಗೆರೆ ಎಳೆದು, ಅದು ಓದಲು ಬರುವಂತೆ ಬಿಟ್ಟು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಸಹಿ ಹಾಕಬೇಕು. ಮೊದಲು ಏನೆಂದು ಸುಳ್ಳು ಹೇಳಿದೆ ಎನ್ನುವುದೂ ದಾಖಲೆಯೇ. ನೆನಪುಗಳನ್ನು ಬರೆಯುವವರಿಗೆ ಈ ನಿಯಮವಿಲ್ಲ. ಅದಕ್ಕೇ ಅವರ ಅಮ್ಮಂದಿರೆಲ್ಲ ಅಷ್ಟು ಒಳ್ಳೆಯವರಾಗಿರುತ್ತಾರೆ.

ನನ್ನ ಅಮ್ಮಿಯನ್ನೇ ತೆಗೆದುಕೊಳ್ಳಿ. "ರಾಯಚೂರಿನಲ್ಲಿ ನಮ್ಮಮ್ಮ ಬುರ್ಖಾ ಹಾಕಿದವಳೇ ಅಲ್ಲ, ಸೀರೆಯ ಸೆರಗನ್ನು ತಲೆಗೆ ಹೊದ್ದರೆ ಮುಗಿಯಿತು, ಪಕ್ಕದ ಮನೆಯ ಗೌರಮ್ಮನಂತೆಯೇ." ಈ ವಾಕ್ಯವನ್ನು ನಾನು ಎಷ್ಟೋ ಕಡೆ ಹೇಳಿದ್ದೇನೆ. ವೆರಿ ಗುಡ್ ಎನ್ನುವವರ ಮನೆಯಲ್ಲಂತೂ ಇದಕ್ಕೆ ಎರಡನೇ ಸಲ ಕೇಸರಿಬಾತು ಬೀಳುತ್ತದೆ. ಮೊನ್ನೆ ಫೋನಿನಲ್ಲಿ ಇದನ್ನೇ ನನ್ನ ಅಕ್ಕನಿಗೆ ಹೇಳಿದೆ. ಅವಳು ನಕ್ಕಳು. ಬುರ್ಖಾ ಇತ್ತಂತೆ. ಕಪ್ಪುಬಣ್ಣದ್ದು, ಎರಡು ತುಂಡಿನದ್ದು. ನಮ್ಮ ಓಣಿಯ ಮೂರು ಮನೆಗೆ ಅದೊಂದೇ. ಮ್ಯಾಟಿನಿ ನೋಡಲು ಹೋಗುವವರು ಅದನ್ನು ಹಾಕಿಕೊಂಡು ಹೋಗುತ್ತಿದ್ದರಂತೆ, ಯಾರ ಮನೆಯ ಹೆಂಗಸು ಸಿನಿಮಾಕ್ಕೆ ಬಂದಿದ್ದಾಳೆ ಎಂದು ಟಾಕೀಸಿನಲ್ಲಿ ಗೊತ್ತಾಗಬಾರದೆಂದು. ಗೌರಮ್ಮನೂ ಒಯ್ಯುತ್ತಿದ್ದಳಂತೆ. ಹಾಗಾಗಿ ಮೊದಲಿನ ವಾಕ್ಯದ ಮೇಲೆ ಗೆರೆ ಎಳೆದಿದ್ದೇನೆ. ಓದಲು ಬರಲಿ ಎಂದು ಹಾಗೇ ಬಿಟ್ಟಿದ್ದೇನೆ. ಆದರೆ ಅಕ್ಕನ ಕಥೆ ಕೇಳಲು ತೀರ ಚೆನ್ನಾಗಿದೆ, ಅದಕ್ಕೇ ಅದರ ಮೇಲೂ ನನಗೆ ನಂಬಿಕೆಯಿಲ್ಲ. ನನ್ನ ಹತ್ತಿರ ಸ್ಟುಡಿಯೋದಲ್ಲಿ ತೆಗೆಸಿದ ಅಮ್ಮಿಯ ಫೋಟೋ ಒಂದಿದೆ. ಅದರಲ್ಲಿ ಬುರ್ಖಾವೂ ಇಲ್ಲ, ಸೆರಗೂ ತಲೆಯ ಮೇಲಿಲ್ಲ. ಎಣ್ಣೆ ಹಚ್ಚಿ ಬಾಚಿದ ಕೂದಲಿನಲ್ಲಿ ಒಂದು ಪ್ಲಾಸ್ಟಿಕ್ ಗುಲಾಬಿ. ಅದು ಧರ್ಮವೋ ಸಂಸ್ಕೃತಿಯೋ ಫ್ಯಾಷನ್ನೋ ಗೊತ್ತಿಲ್ಲ. ಗುಲಾಬಿ ಸ್ಟುಡಿಯೋದವನದ್ದೇ ಇರಬಹುದು.

ನನ್ನ ನಾನಾ, ಅಂದರೆ ಅಮ್ಮಿಯ ಅಪ್ಪ, ರೂಮಿ ಟೊಪ್ಪಿಗೆ ಹಾಕುತ್ತಿದ್ದರು. ಕೆಂಪು ಬಣ್ಣದ್ದು, ತಲೆಕೆಳಗಾಗಿ ಇಟ್ಟ ಬಕೆಟ್ಟಿನ ಹಾಗಿರುವುದು, ಮೇಲೊಂದು ಕಪ್ಪು ಕುಚ್ಚು. ಹೈದರಾಬಾದಿನ ದೊಡ್ಡ ಮನುಷ್ಯರೆಲ್ಲ ಒಂದು ಕಾಲಕ್ಕೆ ಅದನ್ನು ಹಾಕಿಕೊಂಡೇ ಹೊರಗೆ ಹೊರಡುತ್ತಿದ್ದದ್ದು. ರೂಮ್ ಎಂದರೆ ತುರ್ಕರ ದೇಶ; ಹೆಸರೇ ಹೇಳುವಂತೆ ಅದು ಅಲ್ಲಿಂದ ಬಂದ ಫ್ಯಾಷನ್ನು. ಇಲ್ಲಿಗೆ ಬಂದ ಮೇಲೆ ಸಂಸ್ಕೃತಿಯಾಯಿತು. ನಾನಾ ಅದಿಲ್ಲದೆ ನಮಾಜಿಗೆ ನಿಲ್ಲುತ್ತಿರಲಿಲ್ಲವಾದ್ದರಿಂದ ನಮ್ಮ ಮನೆಯ ಮಟ್ಟಿಗೆ ಧರ್ಮವೂ ಆಯಿತು. ಕೊನೆಗೆ ಅಕ್ಕನ ಗೊಂಬೆಗೆ ತೊಟ್ಟಿಲಾಯಿತು. ಈ ನಾಲ್ಕೂ ಹಂತಗಳಲ್ಲಿ ಯಾರೂ ನಾನಾರನ್ನು ಕೂರಿಸಿಕೊಂಡು, "ಇದನ್ನು ನೀವೇ ಇಷ್ಟಪಟ್ಟು ಹಾಕಿಕೊಂಡಿದ್ದೀರಾ, ಇಲ್ಲಾ ಯಾರಾದರೂ ಒತ್ತಾಯ ಮಾಡಿದರಾ?" ಎಂದು ಕನಿಕರದಿಂದ ಕೇಳಲಿಲ್ಲ. ಗಂಡಸಿನ ತಲೆಗೆ ಅಂಥ ಕನಿಕರ ದೊರೆಯುವುದಿಲ್ಲ, ಪಾಪ.

ರುಖ್ಸಾರ್ ರಾಯಚೂರಿನಿಂದ ಕಾಚಿಗೂಡ ಸ್ಟೇಷನ್ನಿಗೆ ಬಂದಿಳಿದದ್ದು ಕಳೆದ ವರ್ಷ. ಬಿ.ಫಾರ್ಮ ಮುಗಿಸಿ, ನಮ್ಮ ಕಾರ್ಖಾನೆಯಲ್ಲೇ ಪರೀಕ್ಷೆ ಬರೆದು, ಸಂದರ್ಶನ ಗೆದ್ದು ಬಂದಿದ್ದಳು. ಆರು ತಿಂಗಳು ಕೆಲಸ ನೋಡಿ ಆಮೇಲೆ ಕಾಯಂ ಮಾಡುವುದು ರೂಢಿ. ಸ್ಟೇಷನ್ನಿನಿಂದ ಹತ್ತು ನಿಮಿಷ ನಡೆದರೆ ನನ್ನ ಮನೆ. ಇರಲು ಅಲ್ಲಿಗೇ ಬಂದಳು. ಬಂದ ದಿನವೇ ಕನ್ನಡಿ ಅವಳದ್ದಾಯಿತು. ಬೆಳಿಗ್ಗೆ ಆರಕ್ಕೆ ಎದ್ದು, ಒಳಗೊಂದು ಟೊಪ್ಪಿಗೆಯಂಥದ್ದು, ಅದರ ಮೇಲೆ ಸ್ಕಾರ್ಫು, ಗದ್ದದ ಕೆಳಗೆ ಒಂದು ಪಿನ್ನು, ಕಿವಿಯ ಹತ್ತಿರ ಎರಡು, ನೆತ್ತಿಯ ಮೇಲೆ ಒಂದು, ಹೆಗಲಿಗೆ ಒಂದು. ಐದು ಪಿನ್ನು. ಹಿಂದುಗಡೆ ಕೂದಲು ದಟ್ಟವಾಗಿದೆಯೆಂದು ತೋರಿಸಲು ದೊಡ್ಡ ಬಟ್ಟೆ ಹೂವಿನ ಕ್ಲಿಪ್ಪು. ಕೂದಲು ಕಾಣಬಾರದೆಂದು ಮುಚ್ಚುವುದು, ಮುಚ್ಚಿದ ಮೇಲೆ ತುಂಬ ಇದೆಯೆಂದು ಕಾಣಿಸುವುದು. ನಾನು ಸುಮ್ಮನಿರಬಹುದಿತ್ತು. ಇರಲಿಲ್ಲ.

"ಏನವ್ವಾ, ತಲಿ ಮ್ಯಾಲ ಒಂಟಿ ಡುಬ್ಬ ಹೊತ್ತೀಯಲ್ಲ, ಯಾವ ಮರುಭೂಮಿಗೆ ಹೊಂಟೀದಿ?" ಎಂದೆ.

"ಪಟಾನ್‌ಚೆರುಗೆ, ಖಾಲಾ. ನಿಮ್ಮ ಕಂಪನಿ ಬಸ್ಸಿನ್ಯಾಗ," ಎಂದಳು ಕನ್ನಡಿಯಿಂದ ಕಣ್ಣು ತೆಗೆಯದೆ. ಖಾಲಾ ಎಂದರೆ ಚಿಕ್ಕಮ್ಮ, ನಾನು.

ನಮ್ಮ ಮನೆಮಾತು ದಖನಿ. ಆದರೆ ಹೈದರಾಬಾದಿನಲ್ಲಿ ದಖನಿ ಗೋಡೆಗೂ ಅರ್ಥವಾಗುತ್ತದೆ. ಜಗಳ ಮತ್ತು ಗುಟ್ಟು, ಇವೆರಡಕ್ಕೆ ನಾವು ಕನ್ನಡ ಬಳಸುತ್ತೇವೆ. ರಾಯಚೂರಿನ ಕನ್ನಡ ಶಾಲೆ ನಮ್ಮಿಬ್ಬರಿಗೂ ಇಷ್ಟು ಉಪಕಾರ ಮಾಡಿದೆ.

ಒಂದು ಭಾನುವಾರ ಅವಳ ಜೊತೆ ಚಾರ್‌ಮಿನಾರಿನ ಬಳಿ ಸ್ಕಾರ್ಫಿನ ಅಂಗಡಿಗೆ ಹೋಗಿದ್ದೆ. ಅಂಥ ಅಂಗಡಿಗಳಲ್ಲಿ ಮಾರುವವರೆಲ್ಲ ಗಂಡಸರು. ನಾವು ನೋಡನೋಡುತ್ತಿದ್ದಂತೆ ಒಬ್ಬ ಗಡ್ಡಧಾರಿ ಮಹಾಶಯ ತಿಳಿಗುಲಾಬಿ ಬಣ್ಣದ ಶಿಫಾನನ್ನು ತನ್ನ ತಲೆಗೇ ಸುತ್ತಿಕೊಂಡು, ಕಿವಿಯ ಹತ್ತಿರ ಪಿನ್ನು ಚುಚ್ಚಿ, ಕತ್ತು ಒಂದಿಷ್ಟು ಓರೆ ಮಾಡಿ, "ಆಪಾ, ಇದು ಟರ್ಕಿ ಸ್ಟೈಲ್" ಎಂದ. ಕ್ಷಣಾರ್ಧದಲ್ಲಿ ಬಿಚ್ಚಿ, ಕಪ್ಪು ಬಟ್ಟೆ ಸುತ್ತಿ, "ಇದು ದುಬೈ" ಎಂದ. ಮುಖ ಒಂದಿಷ್ಟು ದುಃಖದಿಂದ ಬಾಗಿಸಿ, "ಇದು ಇರಾನಿ" ಎಂದ. ಹತ್ತು ನಿಮಿಷದಲ್ಲಿ ಆ ಮನುಷ್ಯ ಐದು ದೇಶದ ಹೆಂಗಸಾದ. ಹೈದರಾಬಾದಿನದು ಯಾವುದು ಎಂದು ಕೇಳಿದೆ. ಅವನಿಗೆ ಬೇಸರವಾಯಿತು. "ಹೈದರಾಬಾದಿನದು ಯಾರು ಕೇಳ್ತಾರೆ ಆಪಾ?" ಎಂದು ಶಿಫಾನು ಮಡಿಸಿಟ್ಟ. ನಾನಾರ ಟೊಪ್ಪಿಗೆಯ ಹಿಂದೆಯೇ ಮೊಮ್ಮಗಳ ಮಗಳ ಸ್ಕಾರ್ಫೂ ತುರ್ಕರ ದೇಶದಿಂದ ಬಂತಲ್ಲ ಎಂದು ಇತಿಹಾಸ ಹೇಳಲು ಹೊರಟೆ. ರುಖ್ಸಾರ್ ಆಗಲೇ ಗುಲಾಬಿ ಬಣ್ಣದ್ದನ್ನು ಪ್ಯಾಕ್ ಮಾಡಿಸುತ್ತಿದ್ದಳು.

ಅಲ್ಲಿಂದ ಬೇಗಂ ಬಜಾರಿಗೆ ಹೋದೆವು. ಪಾತ್ರೆಯಿಂದ ಹಿಡಿದು ಪೊರಕೆಯವರೆಗೆ ಎಲ್ಲ ಸಗಟಾಗಿ ಸಿಗುವ ಆ ಗದ್ದಲದಲ್ಲಿ ಒಂದು ಕಾರ್ಡು ಪಿನ್ನು ಕೊಂಡೆ. ಪುಟ್ಟವು, ಚಿನ್ನದ ಬಣ್ಣದವು, ಮುಚ್ಚಿದರೆ ಟಕ್ಕೆಂದು ಕೂರುವಂಥವು. ಕಾರ್ಡನ್ನು ನಡುವೆ ಕತ್ತರಿಸಿ ಅರ್ಧ ಅವಳಿಗೆ ಕೊಟ್ಟು, ಅರ್ಧ ನಾನಿಟ್ಟುಕೊಂಡೆ. ನನಗೆ ಸೀರೆಗೆ ಬೇಕಿತ್ತು. ದಯವಿಟ್ಟು ಈ ಕಾರ್ಡನ್ನು ನೆನಪಿನಲ್ಲಿಡಿ.

ಕಾರ್ಖಾನೆಯಲ್ಲಿ ಏನಾದರೂ ಎಡವಟ್ಟಾದರೆ ತುಂಬಿಸುವ ಫಾರಂ ಒಂದಿದೆ. ಅದರಲ್ಲಿ "ಯಾಕೆ?" ಎಂದು ಐದು ಸಲ ಕೇಳಿಕೊಳ್ಳಬೇಕು. ಯಂತ್ರ ಯಾಕೆ ನಿಂತಿತು? ಬೆಲ್ಟು ಹರಿಯಿತು. ಯಾಕೆ ಹರಿಯಿತು? ಹಳೆಯದಾಗಿತ್ತು. ಯಾಕೆ ಬದಲಾಯಿಸಲಿಲ್ಲ? ಹೀಗೆ ಐದನೆಯದಕ್ಕೆ ಹೋಗುವಷ್ಟರಲ್ಲಿ ನಿಜವಾದ ಕಾರಣ ಬಾಯಿಬಿಡುತ್ತದೆ ಎನ್ನುವುದು ನಮ್ಮ ನಂಬಿಕೆ. ಒಂದು ಸಂಜೆ ಚಹಾ ಕುಡಿಯುತ್ತ ಈ ಪದ್ಧತಿಯನ್ನು ರುಖ್ಸಾರಳ ಮೇಲೆ ಪ್ರಯೋಗಿಸಿದೆ. ಯಾಕೆ ಹಾಕ್ತೀ? ದೇವರು ಹೇಳಿದಾನ. ನಮ್ಮ ಅಮ್ಮಿಗೂ ಹೇಳಿದ್ದ, ಆಕಿ ಇಷ್ಟ ಹಾಕ್ತಿರಲಿಲ್ಲ, ನೀ ಯಾಕ ಇಷ್ಟ ಹಾಕ್ತೀ? ಕಾಲೇಜಿನ್ಯಾಗ ಎಲ್ಲಾ ಗೆಳತ್ಯಾರು ಹಾಕ್ತಿದ್ರು. ಅವರು ಯಾಕ ಹಾಕ್ತಿದ್ರು? ಬ್ಯಾಡ ಅಂದ್ರಲ್ಲ, ಅದಕ್ಕ. ಈಗ ಇಲ್ಲಿ ಯಾರೂ ಬ್ಯಾಡ ಅಂದಿಲ್ಲ, ಈಗ್ಯಾಕ? ನನ್ನ ಮುಖಕ್ಕ ಚಂದ ಕಾಣ್ತೈತಿ, ನೀವ ನೋಡ್ರಿ. ನಾಲ್ಕಾಯಿತು. ನಾಲ್ಕೂ ನಿಜವೇ ಇರಬಹುದು. ನಾನು ಗೆಲುವಿನ ಉಮೇದಿನಲ್ಲಿ ಐದನೆಯದನ್ನು ಕೇಳಿದೆ.

ಅವಳು ಲೋಟ ಕೆಳಗಿಟ್ಟಳು. "ಐದನೇದು ನಿಮಗ್ಯಾಕ್ರೀ, ಖಾಲಾ?"

ಅಂದು ಅದನ್ನು ಉದ್ಧಟತನ ಎಂದುಕೊಂಡೆ.

ಇನ್ನು ಪಿನ್ನಿನ ಪುಸ್ತಕದ ವಿಷಯ. ಮಾತ್ರೆ ತಯಾರಾಗುವ ಜಾಗಕ್ಕೆ ಪಿನ್ನು, ಬಳೆ, ಉಂಗುರ, ಗಡಿಯಾರ ಯಾವುದೂ ಹೋಗುವಂತಿಲ್ಲ. ಸ್ಕಾರ್ಫ್ ಹಾಕುವ ಹುಡುಗಿಯರು ಕೆಲಸಕ್ಕೆ ಬರತೊಡಗಿದಾಗ ನಾನೇ ಉತ್ಸಾಹದಿಂದ ಒಂದು ವ್ಯವಸ್ಥೆ ಮಾಡಿದ್ದೆ. ಉಡುಪಿನ ಕೋಣೆಯಲ್ಲಿ ಒಂದು ಸ್ಟೀಲು ತಟ್ಟೆ. ಸ್ಕಾರ್ಫಿನವರು ಪಿನ್ನುಗಳನ್ನು ತೆಗೆದು ಅದರಲ್ಲಿಟ್ಟು, ಎಷ್ಟೆಂದು ಪುಸ್ತಕದಲ್ಲಿ ಬರೆದು, ಕಂಪನಿಯ ಟೊಪ್ಪಿಗೆ ಹಾಕಿ ಒಳಗೆ ಹೋಗುವುದು. ಬಂದ ಮೇಲೆ ಅಷ್ಟನ್ನೂ ಎಣಿಸಿ ತೆಗೆದುಕೊಳ್ಳುವುದು. ಪುಸ್ತಕದ ಅಂಕಣಕ್ಕೆ "ತಲೆವಸ್ತ್ರದ ಪಿನ್ನು" ಎಂದು ನಾನೇ ಗೆರೆ ಹಾಕಿ ಬರೆದೆ. ತಟ್ಟೆ ಕಾಯುವವಳು ಮಲ್ಲಮ್ಮ. ದೇವದುರ್ಗದ ಕಡೆಯವಳು, ಗಾರೆ ಕೆಲಸಕ್ಕೆಂದು ಗಂಡನ ಜೊತೆ ಬಂದು, ಬೆನ್ನು ಹಿಡಿದುಕೊಂಡ ಮೇಲೆ ನಮ್ಮಲ್ಲಿ ಕಸ ಗುಡಿಸುವ ಕೆಲಸಕ್ಕೆ ಸೇರಿದವಳು. ಅವಳ ಸೆರಗು ಸದಾ ತಲೆಯ ಮೇಲೆ. ಪಿನ್ನಿಲ್ಲದೆ ಅದು ಹೇಗೆ ನಿಲ್ಲುತ್ತದೋ, ಅದರ ಮೇಲೆ ಯಾರಾದರೂ ಸಂಶೋಧನೆ ಮಾಡಬೇಕು.

ಆ ದಿನ ಬೆಳಿಗ್ಗೆ ಎಂಟಕ್ಕೆ, ಮಾತ್ರೆಗಳನ್ನು ಪಟ್ಟಿಯಲ್ಲಿ ಕೂರಿಸುವ ಯಂತ್ರ ಶುರು ಮಾಡಬಹುದೆಂದು ಸಹಿ ಹಾಕಲು ನಾನು ಒಳಗೆ ಹೋಗಿದ್ದೆ. ಹತ್ತು ನಿಮಿಷದ ಕೆಲಸ. ಅಷ್ಟಕ್ಕೆ ಸೀರೆ ಬಿಚ್ಚಿ ಸಮವಸ್ತ್ರ ಹಾಕುವುದು ಯಾರು? ಸೀರೆಯ ಮೇಲೆಯೇ ಉದ್ದ ಕೋಟು ತೊಟ್ಟು ಹೋಗುವುದು ನನ್ನ ಅಭ್ಯಾಸ. ಹಿರಿಯಳು, ಇನ್ನೊಂದು ವರ್ಷಕ್ಕೆ ನಿವೃತ್ತಿ, ಯಾರೂ ಕೇಳುತ್ತಿರಲಿಲ್ಲ. ಎಂಟೂವರೆಗೆ ರುಖ್ಸಾರ್ ಆ ಯಂತ್ರದ ಪಾಳಿಗೆ ಬಂದಳು. ಹತ್ತಕ್ಕೆ ಯಂತ್ರದ ಪಕ್ಕದಲ್ಲಿ, ಮಾತ್ರೆಯ ಡಬ್ಬಿಯ ಅಂಚಿನಲ್ಲಿ, ಒಂದು ಪಿನ್ನು ಸಿಕ್ಕಿತು. ಪುಟ್ಟದು, ಚಿನ್ನದ ಬಣ್ಣದ್ದು.

ಮಾತ್ರೆ ಕಾರ್ಖಾನೆಯಲ್ಲಿ ಒಂದು ಪಿನ್ನು ಸಿಕ್ಕರೆ ವಿಮಾನದಲ್ಲಿ ಹಾವು ಸಿಕ್ಕಂತೆ. ಯಂತ್ರ ನಿಂತಿತು. ಅಂದಿನ ಮಾತ್ರೆಗಳಿಗೆಲ್ಲ ಕೆಂಪು ಚೀಟಿ ಅಂಟಿಸಿದರು. ಹನ್ನೊಂದಕ್ಕೆ ಸಭೆ ಸೇರಿತು. ಉತ್ಪಾದನೆಯ ಮುಖ್ಯಸ್ಥರು ರಾವ್‌ಗಾರು. ಒಳ್ಳೆಯ ಮನುಷ್ಯ, ರಂಜಾನಿನಲ್ಲಿ ಹಲೀಮ್ ಎಲ್ಲಿ ಚೆನ್ನಾಗಿರುತ್ತದೆ ಎಂದು ನನಗೇ ಹೇಳಿಕೊಡುವವರು. ಪುಸ್ತಕ ತರಿಸಿ ನೋಡಿದರು. ಅಂದು ಆ ಪಾಳಿಯಲ್ಲಿ ಸ್ಕಾರ್ಫಿನವಳು ರುಖ್ಸಾರ್ ಒಬ್ಬಳೇ. ಐದು ಪಿನ್ನು ಇಟ್ಟದ್ದಾಗಿ ಬರೆದಿದ್ದಳು. ತಟ್ಟೆಯಲ್ಲಿ ಐದೂ ಇದ್ದವು. ಸಿಕ್ಕ ಪಿನ್ನನ್ನು ಪಕ್ಕದಲ್ಲಿಟ್ಟರು. ಒಂದೇ ಕಾರ್ಡಿನವು ಎಂದು ಕುರುಡನೂ ಹೇಳಬಹುದಿತ್ತು.

"ಮೇಡಂಗಾರು, ಇದು ರಿಲಿಜನ್ ಮ್ಯಾಟರ್ ಅಲ್ಲ ಅಂಡಿ," ಎಂದು ರಾವ್ ತಮ್ಮ ಇಂಗ್ಲಿಷ್ ಬೆರೆತ ತೆಲುಗಿನಲ್ಲಿ ಶುರು ಮಾಡಿದರು, ಕನ್ನಡ ಅವರಿಗೆ ಬರುವುದಿಲ್ಲ. ಹೀಗೆ ಶುರುವಾದ ಮಾತು ಬೇರೆ ಯಾವ ವಿಷಯಕ್ಕೂ ಹೋದದ್ದನ್ನು ನಾನು ಕಂಡಿಲ್ಲ. "ಆದರೆ ಒಂದು ತಲೆಗೆ ಐದು ಪಿನ್ ಯಾಕಂಡಿ? ಐದು ಅಂತ ಬರೆದಿದ್ದಾಳೆ, ಆರನೇದು ಮರೆತಿರಬಹುದು. ಪಾಪ, ಒಳ್ಳೆ ಹುಡುಗಿ. ಆದರೆ ಕಾಯಂ ಮಾಡೋ ಮುಂಚೆ ಯೋಚಿಸಬೇಕಲ್ಲ. ಮುಂದಿನ ಸಲ ಇಂಟರ್‌ವ್ಯೂನಲ್ಲೇ ನೋಡಿಕೊಳ್ಳೋಣ." ಶನಿವಾರದೊಳಗೆ ವರದಿ ಬೇಕೆಂದರು. ವರದಿ ನಾನೇ ಬರೆಯಬೇಕೆಂದರು. "ನಿಮ್ಮ ಅಕ್ಕನ ಮಗಳೇ ಇರಬಹುದು, ಆದರೂ ನೀವು ನ್ಯೂಟ್ರಲ್ ಅಂಡಿ. ಮಾಡರ್ನ್."

ಒಬ್ಬ ಹುಡುಗಿಯ ನೌಕರಿ ಮೇಜಿನ ಮೇಲೆ ಪಿನ್ನಿನ ಪಕ್ಕದಲ್ಲಿ ಬಿದ್ದಿರುವಾಗ, ಆ ಮಾಡರ್ನ್ ಎಂಬ ಮಾತು ಕೇಳಿ ನನಗೆ ಖುಷಿಯಾಯಿತು. ಇದನ್ನು ಗೆರೆ ಎಳೆಯದೆ ಬರೆಯುತ್ತಿದ್ದೇನೆ.

ಸಭೆ ಮುಗಿಸಿ ಹೊರಗೆ ಬಂದೆ. ಓಣಿಯಂಥ ಆ ಹಾದಿಯಲ್ಲಿ ಮಲ್ಲಮ್ಮ ನೆಲ ಒರೆಸುತ್ತಿದ್ದಳು. ನನ್ನನ್ನು ನೋಡಿ ಕೋಲು ಗೋಡೆಗೆ ಆನಿಸಿದಳು.

"ಮೇಡಮ್ಮಾರ, ನಿಮ್ಮ ಸೆರಗು ಜಾರಾಕತ್ತೈತಿ ನೋಡ್ರಿ."

ಸೆರಗು ಎಳೆದುಕೊಂಡೆ. ಮತ್ತೆ ಜಾರಿತು.

"ಮುಂಜಾನಿ ಹೆಗಲ ಮ್ಯಾಲ ಪಿನ್ ಇತ್ತಲ್ರಿ. ಒಳಗ ಹೋಗೂಮುಂದ ಇತ್ತು. ಹೊರಗ ಬರೂಮುಂದ ಇರಲಿಲ್ಲ. ನಾ ನೋಡೀನಿ."

ಹೆಗಲು ಮುಟ್ಟಿ ನೋಡಿದೆ. ಬಟ್ಟೆಯಲ್ಲಿ ಎರಡು ಸಣ್ಣ ತೂತು ಮಾತ್ರ. ಗೋಡೆಯ ಹಲಗೆಗೆ ಸಹಿ ಹಾಕಲು ಕೈ ಎತ್ತಿದಾಗ ಬಿಚ್ಚಿಕೊಂಡು, ಕೋಟಿನ ತೋಳಿನೊಳಗಿಂದ ಜಾರಿ ಬಿದ್ದಿರಬೇಕು. ನಮ್ಮ ಪಕ್ಕದಲ್ಲೇ ಪಾಳಿಯವರು ನಾಲ್ಕೈದು ಜನ ಹಾದುಹೋದರು. ಕನ್ನಡ ಯಾರಿಗೂ ತಿಳಿಯಲಿಲ್ಲ.

"ನಾ ಯಾರ ಮುಂದೂ ಹೇಳಂಗಿಲ್ಲ ಬಿಡ್ರಿ," ಎಂದು ಮಲ್ಲಮ್ಮ ಕೋಲು ಎತ್ತಿಕೊಂಡಳು. ನನ್ನ ಮರ್ಯಾದೆ ಉಳಿಸಲೆಂದೇ ಹೇಳಿದಳು. ಅದಕ್ಕಿಂತ ಅವಳು ಕೂಗಿಬಿಟ್ಟಿದ್ದರೆ ನನ್ನ ಕೆಲಸ ಸುಲಭವಾಗುತ್ತಿತ್ತು.

ನಾನು ನೇರವಾಗಿ ರಾವ್ ಅವರ ಕೋಣೆಗೆ ಹೋಗಿ, ಪಿನ್ನು ನನ್ನದು ಎಂದು ಒಪ್ಪಿಕೊಂಡೆ.

ಈ ವಾಕ್ಯದ ಮೇಲೆ ಗೆರೆ ಎಳೆದಿದ್ದೇನೆ. ಹೋದದ್ದು ಕ್ಯಾಂಟೀನಿಗೆ. ಊಟ ಮಾಡಿದೆ. ಮೊಸರು ಎರಡನೇ ಸಲ ಹಾಕಿಸಿಕೊಂಡೆ ಎಂದು ನೆನಪು. ಮೂವತ್ತು ವರ್ಷದ ನೌಕರಿ, ಒಂದೇ ಒಂದು ತಪ್ಪಿನ ಚೀಟಿಯಿಲ್ಲ, ಮುಂದಿನ ವರ್ಷ ಶಾಲು ಹೊದಿಸಿ ಕಳಿಸುತ್ತಾರೆ ಎಂದೆಲ್ಲ ಯೋಚಿಸಿದೆ. ವರದಿಯಲ್ಲಿ "ಮೂಲ ತಿಳಿದುಬಂದಿಲ್ಲ" ಎಂದು ಬರೆದರೆ ಸುಳ್ಳೂ ಆಗುವುದಿಲ್ಲ, ಹುಡುಗಿಯೂ ಬಚಾವಾಗಬಹುದು ಎಂದೂ ಯೋಚಿಸಿದೆ. ಆಗುತ್ತಿರಲಿಲ್ಲ ಎಂದು ಗೊತ್ತಿತ್ತು. ಮೂಲ ತಿಳಿಯದಿದ್ದಾಗ ಎಲ್ಲರಿಗೂ ಒಂದೇ ಮೂಲ ತಿಳಿದಿರುತ್ತದೆ.

ಸಂಜೆ ಕಂಪನಿ ಬಸ್ಸಿನಲ್ಲಿ ರುಖ್ಸಾರ್ ನನ್ನ ಪಕ್ಕ ಕೂತಳು. ಹೊರಗೆ ಪಟಾನ್‌ಚೆರುವಿನ ಧೂಳು, ಹೊಗೆ, ಬಿಸಿಲು. ರಸ್ತೆಯಲ್ಲಿ ಸ್ಕೂಟಿಯ ಮೇಲೆ ಹುಡುಗಿಯರು ಸಾಲಾಗಿ ಹೋಗುತ್ತಿದ್ದರು, ದುಪಟ್ಟಾವನ್ನು ತಲೆ, ಮೂಗು, ಬಾಯಿಗೆಲ್ಲ ಬಿಗಿಯಾಗಿ ಸುತ್ತಿ ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡು. ಹೈದರಾಬಾದಿನಲ್ಲಿ ಅವರನ್ನು ಯಾರೂ ಏನೂ ಕೇಳುವುದಿಲ್ಲ. ಚರ್ಮ ಕಪ್ಪಾಗಬಾರದು ಎನ್ನುವುದು ಎಲ್ಲರಿಗೂ ಒಪ್ಪಿಗೆಯಾಗುವ ಕಾರಣ.

"ಖಾಲಾ, ನಾಳಿಯಿಂದ ನಾ ತಗದು ಬರ್ತೀನಿ," ಎಂದಳು.

"ಏನು?"

ತಲೆಯ ಕಡೆ ಕೈ ಮಾಡಿದಳು. "ಪಿನ್ನೂ ಬ್ಯಾಡ, ಇದೂ ಬ್ಯಾಡ. ನೌಕರಿ ಉಳೀಲಿ. ಅಬ್ಬಾನ ಔಷಧಕ್ಕ ನಾನ ಕಳಿಸಬೇಕಲ್ಲ ಈಗ." ಕಿಟಕಿಯ ಕಡೆ ತಿರುಗಿ, "ನೀವು ಹೇಳ್ತಿದ್ರಲ್ರಿ, ಇದರಾಗ ಏನೈತಿ ಅಂತ. ಖರೇ ಅದ. ಏನಿಲ್ಲ ಬಿಡ್ರಿ," ಎಂದಳು.

ಪಿನ್ನುಗಳನ್ನು ತಾನು ಸರಿಯಾಗಿ ಎಣಿಸಿಯೇ ಇಟ್ಟದ್ದೆಂದು ಅವಳು ವಾದ ಮಾಡಿದ್ದರೆ ಆಗಲೇ ಹೇಳಿಬಿಡುತ್ತಿದ್ದೆನೋ ಏನೋ. ಅವಳು ವಾದ ಮಾಡಲಿಲ್ಲ. ಐದಲ್ಲ, ಆರೇ ಇತ್ತೇನೋ ಎಂದು ಅವಳಿಗೇ ಅನುಮಾನ ಬಂದಿತ್ತು.

ಮರುದಿನ ಬೆಳಿಗ್ಗೆ ಕನ್ನಡಿ ಐದು ನಿಮಿಷಕ್ಕೆ ಖಾಲಿಯಾಯಿತು. ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ಕೂದಲು, ದುಪಟ್ಟಾ ಹೆಗಲ ಮೇಲೆ. ಸ್ಕಾರ್ಫು ಮಡಿಸಿ ಚೀಲದಲ್ಲಿತ್ತು. ಹೊರಗೆ ಹೊರಟವಳ ಕಿವಿಗಳನ್ನು ನಾನು ನೋಡಿ ವರ್ಷಗಳಾಗಿದ್ದವು. ಚಿಕ್ಕವಳಿದ್ದಾಗ ಇದ್ದಂತೆಯೇ ಸ್ವಲ್ಪ ಮುಂದಕ್ಕೆ ಬಾಗಿದ್ದವು. ಬಸ್ಸಿನಲ್ಲಿ ಉಳಿದ ಹುಡುಗಿಯರೆಲ್ಲ ಧೂಳಿಗೆ ಹೆದರಿ ಮುಖಕ್ಕೆ ಬಟ್ಟೆ ಸುತ್ತಿಕೊಂಡಿದ್ದರು. ಬರಿತಲೆಯಲ್ಲಿದ್ದವರು ನಾವಿಬ್ಬರೇ, ಖಾಲಾ ಮತ್ತು ಮಗಳು, ಬಲು ಮಾಡರ್ನು. ಅವಳ ಕೈ ಮತ್ತೆ ಮತ್ತೆ ನೆತ್ತಿಗೆ ಹೋಗಿ, ಏನೂ ಸಿಗದೆ, ಮಡಿಲಿಗೆ ವಾಪಸು ಬರುತ್ತಿತ್ತು. ಇಷ್ಟು ದಿನ ನಾನು ಬಯಸಿದ್ದು ನನ್ನ ಪಕ್ಕದಲ್ಲೇ ಕಿಟಕಿಗೆ ತಲೆ ಆನಿಸಿ ಕೂತಿತ್ತು. ಒಂದೂವರೆ ಗಂಟೆಯ ಹಾದಿ. ಅದರ ಕಡೆ ತಿರುಗಿ ನೋಡಲು ನನ್ನಿಂದಾಗಲಿಲ್ಲ.

ಬಸ್ಸಿಳಿದು ಸೀದಾ ರಾವ್ ಅವರ ಕೋಣೆಗೆ ಹೋದೆ. ಧೈರ್ಯ ಮಾಡಿ ಹೋದೆ ಎಂದು ಬರೆದಿದ್ದೆ, ಅದಕ್ಕೂ ಗೆರೆ. ಸಂಜೆ ಅದೇ ಬಸ್ಸಿನಲ್ಲಿ ಮತ್ತೆ ಒಂದೂವರೆ ಗಂಟೆ ಕೂರಬೇಕಲ್ಲ ಎಂಬ ಹೆದರಿಕೆಗೆ ಹೋದೆ. ಕಾರ್ಡಿನ ನನ್ನ ಅರ್ಧವನ್ನು ಮೇಜಿನ ಮೇಲಿಟ್ಟು ಎಲ್ಲ ಹೇಳಿದೆ.

ರಾವ್ ಪಿನ್ನನ್ನೂ ನನ್ನ ಹೆಗಲನ್ನೂ ನೋಡಿದರು. "ನಿಮ್ಮದಾ? ಸೀರೆದಾ?" ಅವರ ಮುಖದ ಗಂಟೆಲ್ಲ ಸಡಿಲವಾಯಿತು. "ಅಯ್ಯೋ, ಸೀರೆದಾದರೆ ಅದು ಹ್ಯೂಮನ್ ಎರರ್ ಅಂಡಿ. ನಮ್ಮ ಮನೆಯಲ್ಲೂ ಮಂಚದ ತುಂಬ ಇದೇ ಪಿನ್ನು. ಟೀ ಕುಡೀತೀರಾ?"

ನಿನ್ನೆಯವರೆಗೆ ಒಂದು ಜನಾಂಗದ ಅಭ್ಯಾಸವಾಗಿದ್ದ ಪಿನ್ನು, ಒಂದು ನಿಮಿಷದಲ್ಲಿ ಮನುಷ್ಯಸಹಜ ತಪ್ಪಾಯಿತು. ಟೀ ಕುಡಿದೆ.

ಆದರೆ ನಮ್ಮ ಫಾರಂ ರಾವ್ ಅವರಷ್ಟು ಕರುಣಾಮಯಿಯಲ್ಲ. "ಮನುಷ್ಯಸಹಜ ತಪ್ಪು" ಎಂದು ಬರೆದರೆ ಒಪ್ಪುವುದಿಲ್ಲ. ಐದು ಯಾಕೆ ಬೇಕೇ ಬೇಕು. ಪಿನ್ನು ಯಾಕೆ ಬಿತ್ತು? ತೆಗೆದಿಡದೆ ಒಳಗೆ ಹೋದದ್ದರಿಂದ. ಯಾಕೆ ತೆಗೆದಿಡಲಿಲ್ಲ? ಪುಸ್ತಕ ಕೇಳಲಿಲ್ಲ. ಪುಸ್ತ‌ಕ ಯಾಕೆ ಕೇಳಲಿಲ್ಲ? ಅಂಕಣ ತಲೆವಸ್ತ್ರದವರಿಗೆ ಮಾತ್ರ ಇತ್ತು. ಯಾಕೆ ಅವರಿಗೆ ಮಾತ್ರ? ಪುಸ್ತಕಕ್ಕೆ ಗೆರೆ ಹಾಕಿದವಳು ಪಿನ್ನು ಅಂದರೆ ತಲೆವಸ್ತ್ರ ಎಂದುಕೊಂಡಿದ್ದಳು. ತಾನೇ ಮೈತುಂಬ ಪಿನ್ನು ಚುಚ್ಚಿಕೊಂಡು ಹಾಗೆಂದುಕೊಂಡಿದ್ದಳು. ಐದನೆಯದು: ಯಾಕೆ ಹಾಗಂದುಕೊಂಡಿದ್ದಳು?

ಪೆನ್ನು ಹಿಡಿದೆ. ಕೇಸರಿಬಾತು ನೆನಪಾಯಿತು. ಅಷ್ಟಕ್ಕೆಲ್ಲ ಫಾರಂನಲ್ಲಿ ಜಾಗವಿರಲಿಲ್ಲ, ಎರಡೇ ಸಾಲು. ಕೊನೆಗೆ, ನಮ್ಮ ಕಾರ್ಖಾನೆಯಲ್ಲಿ ಉತ್ತರ ತಿಳಿಯದಾಗ ಎಲ್ಲರೂ ಬರೆಯುವುದನ್ನೇ ಬರೆದೆ: "ತರಬೇತಿಯ ಕೊರತೆ."

ಮಾತ್ರೆಗಳನ್ನು ಮತ್ತೊಮ್ಮೆ ಪರೀಕ್ಷಿಸಿ ಬಿಡುಗಡೆ ಮಾಡಿದರು. ನನಗೊಂದು ತಪ್ಪಿನ ಚೀಟಿ ಬಂತು, ಮೂವತ್ತು ವರ್ಷದಲ್ಲಿ ಮೊದಲನೆಯದು. ರುಖ್ಸಾರಳಿಗೆ ವಿಷಯ ಹೇಳಿದೆ. ಅವಳು ಚೀಲದಿಂದ ಸ್ಕಾರ್ಫು ತೆಗೆದು, ಉಡುಪಿನ ಕೋಣೆಯ ಆ ದೊಡ್ಡ ಕನ್ನಡಿಯ ಮುಂದೆ ನಿಂತು ಸುತ್ತಿಕೊಂಡಳು. ಎರಡು ದಿನ ನನ್ನ ಜೊತೆ ಕನ್ನಡದಲ್ಲಿ ಮಾತಾಡಲಿಲ್ಲ. ಜಗಳಕ್ಕೂ ಯೋಗ್ಯಳಲ್ಲ ಎಂದು ಅರ್ಥ ಮಾಡಿಕೊಂಡೆ. ಅವಳ ಕೆಲಸ ಕಾಯಂ ಆಯಿತು.

ಪುಸ್ತಕದ ಅಂಕಣದಲ್ಲಿ "ತಲೆವಸ್ತ್ರದ" ಎಂಬುದರ ಮೇಲೆ ಒಂದೇ ಗೆರೆ ಎಳೆದು ಸಹಿ ಹಾಕಿದೆ. ಈಗ ಬರೀ "ಪಿನ್ನು". ಹೊಸ ನಿಯಮ ಜಾರಿಗೆ ಬಂದ ಬೆಳಿಗ್ಗೆ ಉಡುಪಿನ ಕೋಣೆಯಲ್ಲಿ ಮಲ್ಲಮ್ಮ ತಟ್ಟೆ ಹಿಡಿದು ನಿಂತಿದ್ದಳು. ರುಖ್ಸಾರ್ ತನ್ನ ಐದನ್ನು ಟಣ್ ಟಣ್ ಎಂದು ಹಾಕಿದಳು. ಆಮೇಲೆ ತಟ್ಟೆಯನ್ನು ತಾನೇ ಇಸಿದುಕೊಂಡು ನನ್ನ ಮುಂದೆ ಹಿಡಿದಳು.

"ಹಾಕ್ರಿ ಖಾಲಾ, ನಿಮ್ಮವು."

ಹೆಗಲಿನದ್ದು ತೆಗೆದೆ. ನೆರಿಗೆಯದ್ದು ತೆಗೆದೆ. ಸೊಂಟದ ಹತ್ತಿರ ಎರಡು. ರವಿಕೆಯ ಗುಂಡಿ ಹೋದ ಕಡೆ ಒಂದು. ಸರಕ್ಕೆ ಒಂದು. ಬಳೆಗೆ ಸಿಕ್ಕಿಸಿಕೊಂಡ, ಬೇಕಾದಾಗ ಇರಲಿ ಎನ್ನುವ ಒಂದು.

"ಏಳು!" ಎಂದಳು ಮಲ್ಲಮ್ಮ. "ಯವ್ವಾ, ಇದೇನ್ರಿ ಮೇಡಮ್ಮಾರ, ಪಿನ್ ಅಂಗಡಿನ?"

ರುಖ್ಸಾರ್ ನಗು ತಡೆಯಲು ಕನ್ನಡಿಯ ಕಡೆ ತಿರುಗಿದಳು. ಕನ್ನಡಿಯಲ್ಲೂ ನಗುತ್ತಿದ್ದಳು. ಏಳೂ ಪಿನ್ನು ಹೋದ ಮೇಲೆ ನನ್ನ ಸೀರೆ ನನ್ನ ಮಾತು ಕೇಳುವುದನ್ನು ಬಿಟ್ಟಿತು. ಸೆರಗು ಹೆಗಲಿನಿಂದ ಜಾರಿತು, ಎಳೆದೆ, ಮತ್ತೆ ಜಾರಿತು. ಸಮವಸ್ತ್ರದ ಕಪಾಟಿನವರೆಗೆ ನಡೆಯಬೇಕಿತ್ತಷ್ಟೆ. ಬೇರೆ ದಾರಿ ಕಾಣದೆ ಮಲ್ಲಮ್ಮನ ಕಡೆ ನೋಡಿ, ಅವಳಂತೆಯೇ ಸೆರಗನ್ನು ತಲೆಯ ಮೇಲೆ ಎಳೆದು ಇನ್ನೊಂದು ಹೆಗಲಿಗೆ ಹೊದ್ದೆ. ಅದು ಅಲ್ಲೇ ನಿಂತಿತು. ಒಂದು ಪಿನ್ನೂ ಇಲ್ಲದೆ.

ಅದೇ ಸಮಯಕ್ಕೆ ರಾವ್‌ಗಾರು ಹೊರಗಿನ ಹಾದಿಯಲ್ಲಿ ಹಾದುಹೋಗುತ್ತಿದ್ದರು. ತೆರೆದ ಬಾಗಿಲಿನಿಂದ ನನ್ನನ್ನು ಕಂಡು ನಿಂತರು. ಧರ್ಮದ ವಿಷಯ ಬಂದಾಗ ತಗ್ಗಿಸುವ ದನಿಯಲ್ಲಿ, "ಏನು ಮೇಡಂಗಾರು, ನೀವೂ? ಇವತ್ತೇನಾದರೂ ವಿಶೇಷವಾ?" ಎಂದರು.

ಪಿನ್ನು, ಸೀರೆ, ಪುಸ್ತಕ, ಕಪಾಟು ಎಂದು ನಾಲ್ಕು ಕಾರಣ ನಾಲಗೆಯ ತುದಿಗೆ ಬಂದವು. ಹೇಳಲು ಬಾಯಿ ತೆರೆದೆ.

ರುಖ್ಸಾರ್ ಟೊಪ್ಪಿಗೆ ಹಾಕಿಕೊಳ್ಳುತ್ತ ಕನ್ನಡಿಯಿಂದಲೇ ಹೇಳಿದಳು, ಕನ್ನಡದಲ್ಲಿ:

"ಬಿಡ್ರಿ ಖಾಲಾ. ಅವರಿಗ್ಯಾಕ?"